ಒಂದೇ ಟ್ಯಾಂಕಿನ ವೈನ್, ಮೂರು ಬಗೆಯ ಬಾಟಲಿ: ಸಿಹಿ ಫೋರ್ಟಿಫೈಡ್ ವೈನಿನಲ್ಲಿ ದೋಷ ಹುಡುಕುವ ಬಗೆ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಗೋದಾಮಿನ ಬಾಗಿಲು ತೆಗೆದಾಗ ಹಸಿ ಹುದುಗಿನ ವಾಸನೆ ಮೂಗಿಗೆ ಬಡಿಯಿತು. ಅಲ್ಲಿದ್ದದ್ದು ಸೀಲ್ ಆದ ಬಾಟಲಿಗಳು ಮಾತ್ರ, ಆ ವಾಸನೆಗೆ ಅಲ್ಲಿ ಕೆಲಸವೇ ಇಲ್ಲ. ಕೆಳಗಿನ ಸಾಲಿನ ಒಂದು ರಟ್ಟಿನ ಡಬ್ಬ ನೆನೆದು ನೇರಳೆ ಬಣ್ಣಕ್ಕೆ ತಿರುಗಿತ್ತು. ಬಿಚ್ಚಿ ನೋಡಿದರೆ ಎರಡು ಬಾಟಲಿಯ ಕಾರ್ಕ್ ಅರ್ಧ ಬೆರಳಿನಷ್ಟು ಮೇಲೆ ಬಂದಿತ್ತು. ಅದೇ ವಾರ ಇದೇ ವೈನಿನ ಬಗ್ಗೆ ಅಂಗಡಿಯೊಂದರಿಂದ ಬಂದ ದೂರು ಬೇರೆಯೇ: ಬಾಯಿಗಿಟ್ಟರೆ ಗಂಟಲು ಸುಡುತ್ತದೆ, ಸ್ಪಿರಿಟ್ ಕುಡಿದಂತಾಗುತ್ತದೆ. ಒಂದು ಬಾಟಲಿಯಲ್ಲಿ ಮದ್ಯಸಾರ ಸಾಲದೆ ಮತ್ತೆ ಹುದುಗು ಎದ್ದಿದೆ, ಇನ್ನೊಂದರಲ್ಲಿ ಅದೇ ವಿಪರೀತ. ಎರಡೂ ಒಂದೇ ಟ್ಯಾಂಕಿನಿಂದ ತುಂಬಿದವು, ಲೇಬಲ್ ಮೇಲೆ ಎರಡಕ್ಕೂ ಶೇ. 18.

ಚಿಕ್ಕಬಳ್ಳಾಪುರದ ಕಡೆಯ ಸಣ್ಣ ವೈನರಿಯೊಂದರ ಲ್ಯಾಬಿನಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ನಡೆದದ್ದಿದು. ಫೋರ್ಟಿಫೈಡ್ ವೈನ್ ಎಂದರೆ ಹೊರಗಿನಿಂದ ಸ್ಪಿರಿಟ್ ಸೇರಿಸಿ ಬಲ, ಅಂದರೆ ಮದ್ಯಸಾರದ ಶೇಕಡಾ, ಏರಿಸಿದ ವೈನ್. ಇಂಥ ಸಿಹಿ ವೈನಿನ ಸಿಹಿಯೂ ಬಲವೂ ಸ್ಪಿರಿಟ್ ಹಾಕುವ ಒಂದು ಗಂಟೆಯಲ್ಲಿ ತೀರ್ಮಾನವಾಗಿಬಿಡುತ್ತವೆ. ದೋಷ ಬಾಟಲಿಯಲ್ಲಿ ಕಂಡರೂ ಹುಡುಕಬೇಕಾದದ್ದು ಆ ಗಂಟೆಯ ದಾಖಲೆಯಲ್ಲಿ. ಯಾವ ಲಕ್ಷಣ ಕಂಡರೂ ನಾನು ಮೊದಲು ಕೇಳುವುದು ಇಷ್ಟೇ: ಯಾವಾಗ ಹಾಕಿದಿರಿ, ಎಷ್ಟು ಹಾಕಿದಿರಿ, ಹೇಗೆ ಬೆರೆಸಿದಿರಿ?

ಸರಿಯಾಗಿ ನಡೆದರೆ ಏನಾಗುತ್ತದೆ

ಈ ಕೆಲಸವನ್ನು ನೋಡಿ ಕಲಿಯಬೇಕಾದ ಜಾಗ ಪೋರ್ಚುಗಲ್‌ನ ಡೋರೊ ಕಣಿವೆ, ಪೋರ್ಟ್ ವೈನಿನ ತವರು. 1756ರಲ್ಲೇ ಪೊಂಬಾಲ್‌ನ ಮಾರ್ಕ್ವಿಸ್ ಆಡಳಿತದಲ್ಲಿ ಆ ದ್ರಾಕ್ಷಿ ಸೀಮೆಗೆ ಗಡಿ ಗುರುತಿಸಿದರು. ಹಳೆಯ ಕ್ರಮದಲ್ಲಿ ದ್ರಾಕ್ಷಿಯನ್ನು ಲಗಾರ್ ಎಂಬ ಅಗಲವಾದ, ಆಳವಿಲ್ಲದ ಕಲ್ಲಿನ ತೊಟ್ಟಿಯಲ್ಲಿ ಕಾಲಿನಿಂದ ತುಳಿಯುತ್ತಾರೆ. ಹುದುಗಲು ಸಿಗುವುದು ಎರಡು ಮೂರು ದಿನ ಮಾತ್ರ, ಅಷ್ಟರೊಳಗೆ ಸಿಪ್ಪೆಯ ಬಣ್ಣ, ಒಗರು ಎಲ್ಲ ರಸಕ್ಕೆ ಇಳಿಯಬೇಕು. ಸಕ್ಕರೆಯಲ್ಲಿ ಸುಮಾರು ಅರ್ಧದಷ್ಟನ್ನು ಯೀಸ್ಟ್ ತಿಂದು, ಮದ್ಯಸಾರ ಶೇ. 6-8ಕ್ಕೆ ಬಂದಾಗ ರಸವನ್ನು ಸಿಪ್ಪೆಯಿಂದ ಬಸಿಯುತ್ತಾರೆ, ಹರಿಸುತ್ತಲೇ ಅದಕ್ಕೆ ಅಗ್ವಾರ್ದೆಂತ್ ಸೇರಿಸುತ್ತಾರೆ. ಅದು ಶೇ. 77 ಬಲದ ದ್ರಾಕ್ಷಿ ಸ್ಪಿರಿಟ್. ಸಾಂಪ್ರದಾಯಿಕ ಲೆಕ್ಕದಲ್ಲಿ 550 ಲೀಟರಿನ ಪೀಪಾಯಿಗೆ ರಸ 435 ಲೀಟರ್, ಸ್ಪಿರಿಟ್ 115 ಲೀಟರ್. ರಸ ಶೇ. 6ರಲ್ಲಿದ್ದರೆ ಬೆರೆತದ್ದು ಶೇ. 21ರ ಹತ್ತಿರ ಬರುತ್ತದೆ. ಸಾಮಾನ್ಯ ಪೋರ್ಟ್ ಶೇ. 19ರಿಂದ 22ರ ನಡುವೆ ಇರುವುದು ಹೀಗೆ. ಅಷ್ಟು ಮದ್ಯಸಾರದಲ್ಲಿ ಯೀಸ್ಟ್ ಬದುಕುವುದಿಲ್ಲ, ಅದು ತಿನ್ನದೆ ಬಿಟ್ಟ ಹಣ್ಣಿನ ಸಕ್ಕರೆಯೇ ವೈನಿನ ಸಿಹಿ.

ಎಲ್ಲ ಫೋರ್ಟಿಫೈಡ್ ವೈನೂ ಹೀಗಲ್ಲ. ಸ್ಪೇನಿನ ಶೆರಿಗೆ ಹುದುಗು ಪೂರ್ತಿ ಮುಗಿದ ಮೇಲೆ ಸ್ಪಿರಿಟ್ ಸೇರಿಸುತ್ತಾರೆ, ಅದಕ್ಕೇ ಫಿನೊ ಶೆರಿಯಲ್ಲಿ ಸಿಹಿ ಇಲ್ಲ, ಬಲ ಶೇ. 15ರ ಆಸುಪಾಸು. ದಕ್ಷಿಣ ಫ್ರಾನ್ಸಿನ ಸಿಹಿ ಮಸ್ಕಟ್‌ಗಳಿಗೆ ಶೇ. 96ರ ಸ್ಪಿರಿಟನ್ನು ರಸದ ಹತ್ತನೇ ಒಂದು ಪಾಲು ಮೀರದಂತೆ ಹಾಕುತ್ತಾರೆ, ಹಣ್ಣಿನ ಪರಿಮಳ ಉಳಿಯಲಿ ಎಂದು. ನಮ್ಮಲ್ಲಿ ಸಿಹಿಯಾದ ಕೆಂಪು ವೈನನ್ನೆಲ್ಲ ಪೋರ್ಟ್ ಎನ್ನುವ ರೂಢಿಯಿದೆ. ಲೇಬಲ್ಲಿನ ಅಂಕಿ 15ಕ್ಕಿಂತ ಕೆಳಗಿದ್ದರೆ ಅದು ಈ ಬರಹದ ವೈನ್ ಅಲ್ಲ, ಅದನ್ನು ಕಾಯುವ ವಿಧಾನವೇ ಬೇರೆ.

ಕಾರ್ಕ್ ಎದ್ದರೆ, ಬಾಟಲಿಯಲ್ಲಿ ಗ್ಯಾಸ್ ಇದ್ದರೆ

ಮೊದಲು ಸುರಕ್ಷತೆ. ಅನುಮಾನದ ಬಾಟಲಿಯನ್ನು ಹಾಗೇ ಕೈಯಲ್ಲಿ ಹಿಡಿದು ತೆಗೆಯಬೇಡಿ. ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ, ಒದ್ದೆ ಗೋಣಿಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ತೆಗೆಯಿರಿ. ಗಾಜು ಸಿಡಿದರೆ ಕಣ್ಣು ಹೋಗುತ್ತದೆ.

ಅನಂತರ ಬಾಟಲಿಗಳ ಕ್ರಮ ನೋಡಿ. ಆವತ್ತು ನಮ್ಮನ್ನು ಉಳಿಸಿದ್ದು ಡಬ್ಬದ ಮೇಲೆ ಬರೆದಿಟ್ಟ ನಂಬರು. ಟ್ಯಾಂಕಿನಿಂದ 1,200 ಬಾಟಲಿ, ಅಂದರೆ 12ರಂತೆ 100 ಡಬ್ಬ ತುಂಬಿತ್ತು. ಗ್ಯಾಸ್ ಎದ್ದಿದ್ದು 1ರಿಂದ 15ರವರೆಗಿನ ಡಬ್ಬಗಳಲ್ಲಿ, ಸುಡುವ ಬಾಟಲಿಗಳು 90ರ ಮೇಲಿನ ಡಬ್ಬಗಳಲ್ಲಿ. ಮೂರು ಕಡೆಯಿಂದ ಒಂದೊಂದು ಬಾಟಲಿ ತೆಗೆದು ಭಟ್ಟಿ ಇಳಿಸಿ ನೋಡಿದೆ. 4ನೇ ಡಬ್ಬದಲ್ಲಿ ಶೇ. 11.4, 50ನೆಯದರಲ್ಲಿ ಶೇ. 18, 97ನೆಯದರಲ್ಲಿ ಶೇ. 25. ಟ್ಯಾಂಕಿನ ಕೆಳಗಿನ ನಲ್ಲಿಯಿಂದ ತುಂಬಿದ್ದೆವು, ಮೊದಲು ಬಂದದ್ದು ತಳದ ವೈನ್, ಕೊನೆಗೆ ಬಂದದ್ದು ಮೇಲಿನದು.

ಮೇಸ್ತ್ರಿಯನ್ನು ಕೇಳಿದೆ. "ಬಕೆಟಲ್ಲಿ ಮೇಲಿಂದ ಸುರಿದ್ವಿ ಮೇಡಂ, ಕೋಲು ಹಾಕಿ ಒಂದೆರಡು ಸುತ್ತು ತಿರುಗಿಸಿದ್ವಿ. ಪಂಪು ರಿಪೇರಿಗೆ ಹೋಗಿತ್ತಲ್ಲ, ಅದೇ ಬೆರೀತದೆ ಅಂದ್ಕೊಂಡ್ವಿ" ಎಂದರು. ಮುಚ್ಚಿಡದೆ ಹೇಳಿದ್ದರಿಂದಲೇ ಅರ್ಧ ದಿನದಲ್ಲಿ ಕಾರಣ ಸಿಕ್ಕಿತು.

ಶೇ. 96ರ ಸ್ಪಿರಿಟ್ ಲೀಟರಿಗೆ 800 ಗ್ರಾಂ ಚಿಲ್ಲರೆ ತೂಗುತ್ತದೆ, ಅರ್ಧ ಹುದುಗಿದ ಸಿಹಿ ರಸ 1,045 ಗ್ರಾಂ. ಹಗುರವಾದದ್ದು ಭಾರವಾದದ್ದರ ಮೇಲೆ ಕೂರುತ್ತದೆ. ಎರಡೂ ಒಂದರಲ್ಲೊಂದು ಕರಗುವ ವಸ್ತುಗಳೇ, ಆದರೆ ಕಲಕದಿದ್ದರೆ ಪದರ ವಾರಗಟ್ಟಲೆ ನಿಲ್ಲುತ್ತದೆ. ಹುದುಗು ನಡೆಯುತ್ತಲೇ ಇದ್ದಿದ್ದರೆ ಏಳುವ ಗುಳ್ಳೆಗಳಾದರೂ ಸ್ವಲ್ಪ ಕಲಕುತ್ತಿದ್ದವು. ನಾವು ಸ್ಪಿರಿಟ್ ಹಾಕುವ ಮೊದಲೇ ಟ್ಯಾಂಕನ್ನು ತಂಪು ಮಾಡಿದ್ದೆವು, ಬಾಟಲಿ ತುಂಬುವವರೆಗೂ ತಂಪಿನಲ್ಲೇ ಇಟ್ಟಿದ್ದೆವು. ತಳದಲ್ಲಿ ಯೀಸ್ಟ್ ಸತ್ತಿರಲಿಲ್ಲ, ಚಳಿಗೆ ಮುದುಡಿ ಮಲಗಿತ್ತು. ದಪ್ಪ ಫಿಲ್ಟರ್ ಅದನ್ನು ತಡೆಯಲಿಲ್ಲ. ಏಪ್ರಿಲ್ ಬಿಸಿಲಿಗೆ ಗೋದಾಮು ಕಾದಾಗ ಎದ್ದು ಕೂತಿತು.

ಇಂಥ ವೈನ್ ಮತ್ತೆ ಹುದುಗುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯಲು ಹಳೆಯ ಲೆಕ್ಕ ಒಂದಿದೆ, ಡೆಲ್ ಅಂಕ ಎನ್ನುತ್ತಾರೆ. ಮದ್ಯಸಾರದ ಶೇಕಡಾವನ್ನು 4.5ರಿಂದ ಗುಣಿಸಿ, ಅದಕ್ಕೆ 100 ಮಿಲಿಯಲ್ಲಿ ಇರುವ ಸಕ್ಕರೆಯ ಗ್ರಾಂ ಸೇರಿಸಿ. ಮೊತ್ತ 78-80 ದಾಟಿದರೆ ಯೀಸ್ಟ್ ಏಳುವ ಭಯ ಇಲ್ಲವೆನ್ನಬಹುದು. ನಮ್ಮ 50ನೇ ಡಬ್ಬಕ್ಕೆ 18 × 4.5 = 81, ಸಕ್ಕರೆ 10.4 ಸೇರಿ 91.4. ತಳದ ವೈನಿಗೆ ಬಾಟಲಿ ತುಂಬುವಾಗ, ಅಂದರೆ ಮತ್ತೆ ಹುದುಗಿ ಶೇ. 11.4 ಆಗುವ ಮೊದಲು, 11 × 4.5 = 49.5, ಸಕ್ಕರೆ 11.4 ಸೇರಿದರೂ 60.9. ಏಳಲೇಬೇಕಿತ್ತು, ಎದ್ದಿತು. ಸಕ್ಕರೆ ಜಾಸ್ತಿ ಇದ್ದರೆ ಕೆಡುವುದಿಲ್ಲ ಎಂಬ ನಂಬಿಕೆಗೆ ಈ ಲೆಕ್ಕದಲ್ಲಿ ಆಧಾರ ತೀರ ಕಡಿಮೆ, ಭಾರವನ್ನೆಲ್ಲ ಹೊರುವುದು ಮದ್ಯಸಾರ.

ಎಲ್ಲ ಡಬ್ಬಗಳಲ್ಲೂ ಒಂದೇ ರೀತಿ ಗ್ಯಾಸ್ ಎದ್ದಿದ್ದರೆ ಕಾರಣ ಬೆರಕೆಯಲ್ಲಿ ಇರುವುದಿಲ್ಲ. ಆಗ ಅನುಮಾನ ಪಡಬೇಕಾದದ್ದು ಸ್ಪಿರಿಟಿನ ಪ್ರಮಾಣವನ್ನು, ಅಥವಾ ಆ ಸ್ಪಿರಿಟಿನ ನಿಜವಾದ ಬಲವನ್ನು. ಮುಚ್ಚಳ ಸಡಿಲವಾದ ಡ್ರಮ್ಮಿನಲ್ಲಿ ಹಳೆಯ ದಾಸ್ತಾನು ಇದ್ದರೆ ಚೀಟಿಯ ಮೇಲಿನ 96 ಒಳಗೂ 96 ಇರಬೇಕೆಂದಿಲ್ಲ. ಹಾಕುವ ದಿನವೇ ಅಳೆಯಿರಿ.

ಪ್ರಮಾಣದ ಲೆಕ್ಕ

ರಸದ ಲೀಟರನ್ನು (ಬೇಕಾದ ಬಲ − ರಸದ ಬಲ)ದಿಂದ ಗುಣಿಸಿ, (ಸ್ಪಿರಿಟಿನ ಬಲ − ಬೇಕಾದ ಬಲ)ದಿಂದ ಭಾಗಿಸಿದರೆ ಬೇಕಾದ ಸ್ಪಿರಿಟಿನ ಲೀಟರ್ ಬರುತ್ತದೆ. ನಮ್ಮಲ್ಲಿ ಇದ್ದದ್ದು ಶೇ. 6.5ರ ರಸ 800 ಲೀಟರ್, ಬೇಕಿದ್ದದ್ದು ಶೇ. 18. 800 × 11.5 ÷ 78 = 118 ಲೀಟರ್. ಮೇಸ್ತ್ರಿ ಸುರಿದದ್ದೂ ಸರಿಯಾಗಿ 118. ಲೆಕ್ಕ ತಪ್ಪಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ, ಏಕೆಂದರೆ ಲೆಕ್ಕ ಸರಿಯಿದ್ದರೆ ಜನ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸುತ್ತಾರೆ.

ಅಂಗಡಿಯ ಬ್ರಾಂದಿ ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ನಮ್ಮ ದೇಶದಲ್ಲಿ ಮಾರುವ ಬ್ರಾಂದಿ, ರಮ್ಮು, ವಿಸ್ಕಿ ಸಾಮಾನ್ಯವಾಗಿ ಶೇ. 42.8ರವು. ಶೇ. 7ರ ರಸ 100 ಲೀಟರನ್ನು ಶೇ. 19ಕ್ಕೆ ಏರಿಸಲು ಶೇ. 77ರ ಸ್ಪಿರಿಟ್ ಸುಮಾರು 20.7 ಲೀಟರ್ ಸಾಕು, ಆ ಬ್ರಾಂದಿಯಾದರೆ 50 ಲೀಟರ್ ಬೇಕು. ಮೂರನೇ ಒಂದು ಪಾಲು ಬ್ರಾಂದಿಯೇ ಆದಮೇಲೆ ಅದರಲ್ಲಿ ವೈನ್ ಎಲ್ಲಿ ಉಳಿಯಿತು? "ಬಣ್ಣ ತೆಳುವಾಗಿದೆ, ಸಿಹಿ ಸಪ್ಪೆಯಾಗಿದೆ, ಆದರೂ ತಲೆಗೇರುತ್ತದೆ" ಎಂಬ ದೂರು ಬಂದರೆ ಮೊದಲು ಕೇಳಬೇಕಾದದ್ದು ಯಾವ ಬಲದ ಸ್ಪಿರಿಟ್ ಬಳಸಿದ್ದೀರಿ ಎಂದು.

ಮೀಟರು ಸುಳ್ಳು ಹೇಳುವ ಜಾಗ

"ಶೇ. 19 ಬರಬೇಕಿತ್ತು, 11 ತೋರಿಸುತ್ತಿದೆ" ಎಂದು ಗಾಬರಿಯಾಗಿ ಮತ್ತೆ ಸ್ಪಿರಿಟ್ ಸುರಿದವರನ್ನು ನೋಡಿದ್ದೇನೆ. ಒಳ್ಳೆಯ ವೈನ್ ಹಾಳಾಗುವುದು ಹೀಗೆ, ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಹೈಡ್ರೋಮೀಟರ್ ಅಳೆಯುವುದು ಸಾಂದ್ರತೆಯನ್ನು. ಸಕ್ಕರೆ ಅದನ್ನು ಏರಿಸುತ್ತದೆ, ಮದ್ಯಸಾರ ಇಳಿಸುತ್ತದೆ. ಹುದುಗುವಾಗ ಸಕ್ಕರೆ ಕರಗಿ ಮದ್ಯಸಾರವಾಗುವುದು ಒಂದು ಗೊತ್ತಾದ ಪ್ರಮಾಣದಲ್ಲಿ, ಹಾಗಾಗಿ ಶುರುವಿನ ಅಂಕಿಯಿಂದ ಈಗಿನ ಅಂಕಿ ಕಳೆದು 131.25ರಿಂದ ಗುಣಿಸಿದರೆ ಬಲ ಸಿಗುತ್ತದೆ. 1.100ರಿಂದ 1.047ಕ್ಕೆ ಇಳಿದಿದ್ದರೆ ಸುಮಾರು ಶೇ. 7. ಹೊರಗಿನಿಂದ ಸ್ಪಿರಿಟ್ ಹಾಕಿದ ಕ್ಷಣ ಆ ನಂಟು ಮುರಿಯುತ್ತದೆ. ಶೇ. 19ಕ್ಕೆ ಏರಿಸಿದ ಮೇಲೆ ಅದೇ ವೈನ್ 1.018ರ ಆಸುಪಾಸು ತೋರಿಸಬಹುದು, ಸೂತ್ರಕ್ಕೆ ಹಾಕಿದರೆ ಶೇ. 10.8 ಎನ್ನುತ್ತದೆ. ಮೀಟರು ಕೆಟ್ಟಿಲ್ಲ, ಅದಕ್ಕೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನಾವು ಕೇಳಿದ್ದೇವೆ. ರಸದ ಸಕ್ಕರೆ ಅಳೆಯಲು ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮೀಟರಿಗೂ ಇದೇ ಗತಿ. ಸಣ್ಣ ಗಾಜಿನ ಕೊಳವೆಯ ವೈನೋಮೀಟರ್ ಅಂತೂ ಸಿಹಿ ಇಲ್ಲದ ವೈನಿಗೆ ಮಾತ್ರ.

ನಂಬಬಹುದಾದ ದಾರಿ ಭಟ್ಟಿ ಇಳಿಸಿ ನೋಡುವುದು. ಮಾದರಿಯನ್ನು ಚೆನ್ನಾಗಿ ಅಲ್ಲಾಡಿಸಿ ಗ್ಯಾಸ್ ಬಿಡಿಸಿ. 20 ಡಿಗ್ರಿಯಲ್ಲಿ 200 ಮಿಲಿ ಫ್ಲಾಸ್ಕಿನ ಗೆರೆಗೆ ಸರಿಯಾಗಿ ಅಳೆದು ಕುದಿಯುವ ಫ್ಲಾಸ್ಕಿಗೆ ಸುರಿಯಿರಿ, ಅಳತೆ ಫ್ಲಾಸ್ಕನ್ನು ಎರಡು ಸಲ ನೀರಿನಿಂದ ತೊಳೆದು ಆ ನೀರನ್ನೂ ಸೇರಿಸಿ. ಇಳಿದುಬಂದ ದ್ರವವನ್ನು ಅದೇ ಅಳತೆ ಫ್ಲಾಸ್ಕಿನಲ್ಲಿ ಹಿಡಿಯಿರಿ, ಮುಕ್ಕಾಲಿಗಿಂತ ಸ್ವಲ್ಪ ಮೇಲೆ ಬಂದಾಗ ನಿಲ್ಲಿಸಿ. ಮತ್ತೆ 20 ಡಿಗ್ರಿಗೆ ತಂದು ಶುದ್ಧ ನೀರಿನಿಂದ ಗೆರೆಯವರೆಗೆ ತುಂಬಿ. ಈಗ ಅದರಲ್ಲಿ ಸಕ್ಕರೆ ಇಲ್ಲ, ಬಣ್ಣ ಇಲ್ಲ, ಇರುವುದು ನೀರು ಮತ್ತು ಮದ್ಯಸಾರ. ಆಲ್ಕೋಹಾಲ್ ಮೀಟರನ್ನು ಬಿಟ್ಟಾಗ ಅದು ಮೆಲ್ಲಗೆ ಮುಳುಗಿ, ಎದ್ದು, ನಿಲ್ಲುತ್ತದೆ. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಿ, ಅಂಚಿನಲ್ಲಿ ಮೇಲೇರಿದ ಗೆರೆಯನ್ನು ಓದಬೇಡಿ. ಉಷ್ಣತೆಯ ಬಗ್ಗೆ ಉದಾಸೀನ ಬೇಡ. ಈ ಬಲದ ಆಸುಪಾಸಿನಲ್ಲಿ ಒಂದೊಂದು ಡಿಗ್ರಿ ಹೆಚ್ಚಿದರೂ ಓದು ಸುಮಾರು 0.3ರಷ್ಟು ಮೇಲೆ ತೋರಿಸುತ್ತದೆ. 28 ಡಿಗ್ರಿಯ ಕೋಣೆಯಲ್ಲಿ ಓದಿದ 18 ನಿಜದಲ್ಲಿ 16ರ ಹತ್ತಿರ ಇರಬಹುದು.

ಲೇಬಲ್ಲಿನ ಅಂಕಿ ಸರಿಯಿರಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕುಡಿಯುವವರೇ ಕಾರಣ. ಸಿಹಿಯು ಮದ್ಯಸಾರವನ್ನು ಮರೆಮಾಡುತ್ತದೆ. ಶೇ. 20ರ ಈ ವೈನ್ 75 ಮಿಲಿ ಕುಡಿದರೂ, ಶೇ. 12.5ರ ಸಾಧಾರಣ ವೈನ್ 120 ಮಿಲಿ ಕುಡಿದರೂ ದೇಹಕ್ಕೆ ಹೋಗುವುದು ಅದೇ 15 ಮಿಲಿ ಮದ್ಯಸಾರ. ಜ್ಯೂಸಿನ ಹಾಗೆ ಲೋಟ ತುಂಬಿಸಿಕೊಂಡವರಿಗೆ ಅದು ತಿಳಿಯುವುದು ತಡವಾಗಿ.

ಸಿಹಿ ಲೆಕ್ಕಕ್ಕೆ ಸಿಗದಿದ್ದರೆ

ಇಲ್ಲಿ ಅಪರಾಧಿ ಹೆಚ್ಚಿನ ಸಲ ಗಡಿಯಾರ. ಹುದುಗು ರಭಸದಲ್ಲಿದ್ದಾಗ, ರಸ 28-30 ಡಿಗ್ರಿ ಇರುವಾಗ, ಸಾಂದ್ರತೆ ಗಂಟೆಗೆ ಎರಡು ಅಂಕ (ಒಂದು ಅಂಕ ಎಂದರೆ 0.001) ಇಳಿದುಬಿಡಬಹುದು. 1.047ಕ್ಕೆ ಹಾಕಬೇಕಿದ್ದದ್ದನ್ನು ರಾತ್ರಿ ಊಟ ಮುಗಿಸಿ ಐದು ಗಂಟೆ ತಡವಾಗಿ ಹಾಕಿದರೆ ಹತ್ತು ಅಂಕ ಹೋಯಿತು. ಅಂದರೆ ಲೀಟರಿಗೆ 22 ಗ್ರಾಂನಷ್ಟು ಸಕ್ಕರೆ ಕಡಿಮೆ, ಬಲ ಶೇ. 1.3 ಹೆಚ್ಚು. ಶೇ. 1 ಮದ್ಯಸಾರಕ್ಕೆ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚು ಎಂಬುದು ನೆನಪಿರಲಿ. ಸ್ಪಿರಿಟ್ ಬಿದ್ದ ತಕ್ಷಣ ಯೀಸ್ಟ್ ನಿಲ್ಲುವುದೂ ಇಲ್ಲ, ಸ್ವಲ್ಪ ಹೊತ್ತು ತಿನ್ನುತ್ತಲೇ ಇರುತ್ತದೆ. ಗುರಿಗಿಂತ ಎರಡು ಮೂರು ಅಂಕ ಮೊದಲೇ ಹಾಕುವುದು ಒಳ್ಳೆಯದು.

ಸ್ಪಿರಿಟ್ ಸೇರಿದಾಗ ಸಕ್ಕರೆ ತೆಳುವಾಗುವುದನ್ನು ಬಹಳ ಜನ ಮರೆಯುತ್ತಾರೆ. ಲೀಟರಿಗೆ 240 ಗ್ರಾಂ ಸಕ್ಕರೆಯ ರಸ ಶೇ. 7ಕ್ಕೆ ಬಂದಾಗ ಉಳಿಯುವುದು ಸುಮಾರು 120 ಗ್ರಾಂ. 100 ಲೀಟರಿಗೆ 20.7 ಲೀಟರ್ ಸ್ಪಿರಿಟ್ ಸೇರಿದ ಮೇಲೆ ಅದು 100 ಗ್ರಾಂ. ಸಿಹಿ ಪೋರ್ಟಿಗೆ ಅದು ಒಪ್ಪುವ ಮಟ್ಟ.

ನಮ್ಮ ಬೆಂಗಳೂರು ಬ್ಲೂ ಹಣ್ಣಿನ ಕಷ್ಟ ಬೇರೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಈ ಕಪ್ಪು ದ್ರಾಕ್ಷಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಅದರ ಪರಿಮಳ ಕೋಣೆ ತುಂಬುತ್ತದೆ, ಬಣ್ಣ ಗಾಢ. ಆದರೆ ಸಕ್ಕರೆ 16-18 ಬ್ರಿಕ್ಸ್, ಹುಳಿ ಜಾಸ್ತಿ. 17 ಬ್ರಿಕ್ಸ್ ಎಂದರೆ ಲೀಟರಿಗೆ ಸುಮಾರು 165 ಗ್ರಾಂ. ಶೇ. 7ರವರೆಗೆ ಹುದುಗಲು ಬಿಟ್ಟರೆ ಸ್ಪಿರಿಟ್ ಸೇರಿದ ಮೇಲೆ ಉಳಿಯುವುದು 40 ಗ್ರಾಂ ಕೂಡ ಇಲ್ಲ. ಆ ಹುಳಿಯ ಮುಂದೆ ಅದು ಸಿಹಿ ಎನಿಸುವುದೇ ಇಲ್ಲ. ಶೇ. 3ಕ್ಕೇ ನಿಲ್ಲಿಸಿದರೆ ಸುಮಾರು 90 ಗ್ರಾಂ ಉಳಿಯುತ್ತದೆ, ಆದರೆ 100 ಲೀಟರಿಗೆ ಸ್ಪಿರಿಟ್ 27.6 ಲೀಟರ್ ಬೇಕಾಗುತ್ತದೆ, ಸಿಪ್ಪೆಯ ಸಾರ ಇಳಿಯಲು ಸಮಯವೂ ಸಿಗುವುದಿಲ್ಲ. ನಾವು ಹುದುಗಿಗೆ ಮೊದಲೇ ಸಕ್ಕರೆ ಸೇರಿಸಿ 23 ಬ್ರಿಕ್ಸಿಗೆ ತರುತ್ತಿದ್ದೆವು. ನನ್ನ ಪ್ರಕಾರ ಇನ್ನೂ ಒಳ್ಳೆಯದು, ಗೊಂಚಲನ್ನು ಬಳ್ಳಿಯಲ್ಲೇ ಇನ್ನೊಂದು ವಾರ ಬಿಡುವುದು. ಮಳೆ ಮೋಡ ಕಂಡಾಗ ರೈತರಿಗೆ ಅದನ್ನು ಹೇಳುವುದು ಮಾತ್ರ ಸುಲಭವಲ್ಲ, ಬೆಳೆ ಅವರದು.

ಸುಡುವ ಗಂಟಲು, ನೇಲ್ ಪಾಲಿಶ್ ವಾಸನೆ, ವಿನೆಗರ್

ಬಲ ಸರಿಯಿದ್ದೂ ವೈನ್ ಸುಡುತ್ತಿದ್ದರೆ ಸ್ಪಿರಿಟನ್ನೇ ಪರೀಕ್ಷಿಸಿ. ಅದನ್ನು ನೀರಿನಲ್ಲಿ ಶೇ. 20ಕ್ಕೆ ಇಳಿಸಿ, ಲೋಟದಲ್ಲಿ ಹತ್ತು ನಿಮಿಷ ಮುಚ್ಚಿಟ್ಟು, ಮುಚ್ಚಳ ತೆಗೆದು ಮೂಸಿ. ಪೂರ್ತಿ ಬಲದಲ್ಲಿ ಮೂಗು ಮರಗಟ್ಟಿ ಏನೂ ತಿಳಿಯುವುದಿಲ್ಲ, ಇಳಿಸಿದಾಗ ನೇಲ್ ಪಾಲಿಶ್ ವಾಸನೆ ಇದ್ದರೆ ಎದ್ದು ಬರುತ್ತದೆ. ಸ್ಪಿರಿಟ್ ಶುದ್ಧವಾಗಿದ್ದು ವೈನ್ ಹೊಸದಾಗಿದ್ದರೆ ಕಾಯಿರಿ, ಬೆರೆತ ಹೊಸತರಲ್ಲಿ ಎರಡೂ ಬೇರೆಬೇರೆಯಾಗಿ ನಾಲಿಗೆಗೆ ತಾಗುವುದು ಸಹಜ.

ವಿನೆಗರ್ ಹುಳಿಯಾದರೆ ಕಾಲವನ್ನು ಗಮನಿಸಿ. ಅದನ್ನು ಮಾಡುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು, ಶೇ. 15ರ ಮೇಲೆ ಅದಕ್ಕೆ ಬೆಳೆಯುವುದು ಕಷ್ಟ. ಶೇ. 18ರ ವೈನಿನಲ್ಲಿ ಆ ವಾಸನೆ ಇದ್ದರೆ ಅದು ಸ್ಪಿರಿಟಿಗೂ ಮುಂಚೆ, ಒಡೆದ ಹಣ್ಣಿನ ಕ್ರೇಟಿನಲ್ಲೋ ಮೇಲೆ ತೇಲಿ ಒಣಗಿದ ಸಿಪ್ಪೆಯಲ್ಲೋ ಹುಟ್ಟಿದ್ದು. ಟ್ಯಾಂಕನ್ನು ತೊಳೆದು ಪ್ರಯೋಜನವಿಲ್ಲ, ಮುಂದಿನ ಕೊಯ್ಲಿನಲ್ಲಿ ಹಣ್ಣು ಆರಿಸುವ ಮೇಜಿನಿಂದ ಶುರು ಮಾಡಬೇಕು.

ಬಾಟಲಿಯ ತಳದಲ್ಲಿ ಹತ್ತಿಯ ಎಳೆಯಂಥದ್ದು ಕಂಡರೆ ಟಾರ್ಚ್ ಹಿಡಿದು ಮೆಲ್ಲಗೆ ತಿರುಗಿಸಿ. ಹರಳಾದರೆ ಮಿನುಗುತ್ತದೆ, ಅದು ದ್ರಾಕ್ಷಿ ಹುಳಿಯ ಉಪ್ಪು, ನಿರಪಾಯ. ಎಳೆ ಎಳೆಯಾಗಿ ತೇಲಿದರೆ ಅದು ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಶೇ. 18-20ರಲ್ಲೂ ಬೆಳೆಯಬಲ್ಲ ಕೆಲವೇ ಜೀವಿಗಳಲ್ಲಿ ಇದೊಂದು. ಹುಳಿ ಕಡಿಮೆಯಾಗಿ, ಗಂಧಕದ (ಸಲ್ಫರ್ ಡೈಆಕ್ಸೈಡಿನ) ರಕ್ಷಣೆ ಇಲ್ಲದಾಗ ಬರುತ್ತದೆ.

ಒಂದು ಮಾತು ಮನೆಯಲ್ಲಿ ವೈನ್ ಮಾಡುವವರಿಗೆ. ಪೇಂಟ್ ಅಂಗಡಿಯ ಸ್ಪಿರಿಟ್, ಗಾಯಕ್ಕೆ ಹಚ್ಚುವ ಸ್ಪಿರಿಟ್, ಸ್ಟವ್ ಹಚ್ಚುವ ಸ್ಪಿರಿಟ್ ಯಾವುದೂ ಇದಕ್ಕಲ್ಲ. ಅವುಗಳಲ್ಲಿ ಮೆಥನಾಲ್‌ನಂಥ ವಿಷ ಇರಬಹುದು, ಕಣ್ಣೂ ಜೀವವೂ ಹೋಗುತ್ತವೆ. ಕುಡಿಯಲು ಯೋಗ್ಯವಾದ ಬಲವಾದ ಸ್ಪಿರಿಟ್ ಅಬಕಾರಿ ಪರವಾನಗಿಯಿರುವವರಿಗೆ ಮಾತ್ರ ಸಿಗುತ್ತದೆ. ಅದಿಲ್ಲದಿದ್ದರೆ ಈ ವೈನಿಗೆ ಕೈ ಹಾಕಬೇಡಿ.

ಆ 100 ಡಬ್ಬಗಳು

ಅಂಗಡಿಗೆ ಹೋಗಿದ್ದನ್ನು ವಾಪಸ್ ತರಿಸಿದೆವು. ಎಲ್ಲವನ್ನೂ ತಂಪು ಮಾಡಿ, ಒಂದೊಂದಾಗಿ ತೆಗೆದು, ಮೂಸಿ ನೋಡಿ, ಶುದ್ಧ ಮಾಡಿದ ಟ್ಯಾಂಕಿಗೆ ಸುರಿದೆವು. ನಾಲ್ಕು ಜನಕ್ಕೆ ಎರಡು ದಿನದ ಕೆಲಸ. ಈ ಸಲ ಪಂಪಿನ ಒಂದು ಪೈಪನ್ನು ಕೆಳಗಿನ ನಲ್ಲಿಗೆ, ಇನ್ನೊಂದನ್ನು ಟ್ಯಾಂಕಿನ ಬಾಯಿಗೆ ಕೊಟ್ಟು, ತಳದ ವೈನನ್ನು ಮೇಲಕ್ಕೆ ಒಂದೂವರೆ ಗಂಟೆ ತಿರುಗಿಸಿದೆವು. ಮೇಲೆ, ನಡುವೆ, ತಳದಲ್ಲಿ ಮಾದರಿ ತೆಗೆದರೆ 18.1, 18.2, 18.1. ಗಂಧಕ ಸೇರಿಸಿ ನಾಲ್ಕು ವಾರ ಮಡ್ಡಿ ಕೂರಲು ಬಿಟ್ಟು, 0.45 ಮೈಕ್ರಾನ್ ಫಿಲ್ಟರಿನಲ್ಲಿ ಹಾಯಿಸಿ ಮತ್ತೆ ತುಂಬಿದೆವು. ಮೊದಲ ಡಬ್ಬದಿಂದ, ನಡುವಿನದರಿಂದ, ಕೊನೆಯದರಿಂದ ನಾಲ್ಕು ನಾಲ್ಕು ಬಾಟಲಿ ತೆಗೆದು 30 ಡಿಗ್ರಿಯ ಪೆಟ್ಟಿಗೆಯಲ್ಲಿ ಮೂರು ವಾರ ಇಟ್ಟೆ, ಕಾರ್ಕಿನ ಅಂಚಿಗೆ ಪೆನ್ಸಿಲ್ ಗೆರೆ ಎಳೆದು. ಮೂರು ವಾರವಾದ ಮೇಲೆ ಹನ್ನೆರಡರಲ್ಲಿ ಒಂದರ ಗೆರೆಯೂ ಕದಲಿರಲಿಲ್ಲ. ಮಾರನೆಯ ದಿನ ಡಬ್ಬಗಳು ಲಾರಿ ಹತ್ತಿದವು.